ಎತ್ತಿನ ಹಲ್ಲು ನೋಡುವವರು ಕಂಪನಿಯ ಲೆಕ್ಕ ನೋಡಲಾರರೇ?

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಗೊರಸು, ಹೆಗಲು, ಸುಳಿ ಎಲ್ಲ ನೋಡಿದ ಮೇಲೆ, ಇಷ್ಟು ಒಳ್ಳೆ ಎತ್ತನ್ನು ಇವನು ಯಾಕೆ ಮಾರುತ್ತಿದ್ದಾನೆ ಅಂತ ಅದೇ ಊರಿನ ಬೇರೆಯವರ ಹತ್ತಿರ ಮೆಲ್ಲಗೆ ವಿಚಾರಿಸುತ್ತಾನೆ. ಟವೆಲ್ಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ರೇಟು ಕುದುರಿಸುವುದು ಇದೆಲ್ಲ ಮುಗಿದ ಮೇಲೆ. ಅದೇ ಮನೆಯ ಹುಡುಗ ಫೋನಿನಲ್ಲಿ ಶೇರು ಕೊಳ್ಳುವಾಗ ಮೊದಲು ನೋಡುವುದು ರೇಟು. ಬಹಳ ಸಲ ಕೊನೆಗೆ ನೋಡುವುದೂ ರೇಟನ್ನೇ.

ಯಾವ ಶೇರು ತಗೋಬೇಕು ಅಂತ ನಾವಿಲ್ಲಿ ಹೇಳುವುದಿಲ್ಲ. ಅದು ನಮ್ಮ ಕೆಲಸವೂ ಅಲ್ಲ. ಒಂದು ಕಂಪನಿಯ ಹಲ್ಲು ಎಣಿಸುವುದನ್ನು ನಮ್ಮ ದೇಶ ಹೇಗೆ ಕಲಿಯಿತು ಅನ್ನುವ ಕಥೆಯನ್ನಷ್ಟೇ ಹೇಳುತ್ತೇವೆ. ಇವತ್ತು ಯಾವ ದೊಡ್ಡ ಕಂಪನಿಯ ಹೆಸರು ಹುಡುಕಿದರೂ ಅದರ ಲಾಭ, ಸಾಲ, ಮಾಲೀಕರ ಪಾಲು, ಆಡಿಟರ್ ವರದಿ ಎಲ್ಲ ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ಇದು ಯಾರೋ ಪುಣ್ಯಾತ್ಮರು ಕೊಟ್ಟ ದಾನ ಅಲ್ಲ. ಬಹುಪಾಲು ಸಾಲುಗಳ ಹಿಂದೆ ಯಾರದೋ ಮುಳುಗಿದ ಹಣ ಇದೆ. ಮೊದಲು ಮುಳುಗಿದ ದೊಡ್ಡ ಹಣದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯ ದುಡ್ಡೂ ಇತ್ತು.

ಕುಮಟೆಯ ಹತ್ತಿ, ಮುಂಬೈಯ ಹುಚ್ಚು

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ಹಡಗುಗಳ ಕಾವಲು ಹಾಕಿ ಮುಚ್ಚಿದರು. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳಿಗೆ ಹತ್ತಿ ಹೋಗುತ್ತಿದ್ದದ್ದು ಹೆಚ್ಚಾಗಿ ಆ ಬಂದರುಗಳಿಂದಲೇ. ಗಿರಣಿಗಳು ನಿಲ್ಲುತ್ತ ಬಂದಾಗ ಅವರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಹುಬ್ಬಳ್ಳಿ, ಧಾರವಾಡ, ಗದಗ ಸುತ್ತಿನ ಎರೆ ಭೂಮಿಯಲ್ಲಿ ಬ್ರಿಟಿಷರು 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಹತ್ತಿ ಬೆಳೆಸುವ ಪ್ರಯೋಗ ಮಾಡಿದ್ದರು. ಆ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಮುಂಬೈಗೆ, ಮುಂಬೈಯಿಂದ ಲಿವರ್‌ಪೂಲಿಗೆ. ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಲೆಕ್ಕಾಚಾರ ಇತ್ತು.

ಹತ್ತಿಯ ರೇಟು ಏರಿದ ಹಾಗೆ ಮುಂಬೈಗೆ ಹಣ ಹೊಳೆಯಾಗಿ ಹರಿಯಿತು. ಹಾಸಿಗೆ, ದಿಂಬು ಬಿಚ್ಚಿ ಹಳೆ ಹತ್ತಿಯನ್ನೂ ಮಾರಿದರು ಅನ್ನುವ ಮಾತು ಇದೆ. ಇಷ್ಟು ಹಣ ಕೈಗೆ ಬಂದ ಮೇಲೆ ಅದನ್ನು ಎಲ್ಲಿ ಹಾಕುವುದು? ಕಂಪನಿಗಳು ಹುಟ್ಟಿಕೊಂಡವು. 1865ರ ಆರಂಭಕ್ಕೆ ಮುಂಬೈ ಒಂದರಲ್ಲೇ 31 ಬ್ಯಾಂಕು, 16 ಹಣಕಾಸು ಸಂಸ್ಥೆ, 8 ಭೂಮಿ ಕಂಪನಿ ಇದ್ದವು. ಅವುಗಳ ಶೇರುಗಳನ್ನು ಜನ ಮರದ ನೆರಳಲ್ಲಿ, ಬೀದಿಯಲ್ಲಿ ನಿಂತು ಕೊಂಡರು, ಮಾರಿದರು.

ಎಲ್ಲಕ್ಕಿಂತ ಹೆಚ್ಚು ಹುಚ್ಚು ಹಿಡಿಸಿದ್ದು ಬ್ಯಾಕ್ ಬೇ ರೆಕ್ಲಮೇಶನ್ ಕಂಪನಿ. 5,000 ರೂಪಾಯಿಯ ಅದರ ಒಂದು ಶೇರು 50,000 ದಾಟಿತು. ಆ ಕಾಲದ 50,000! ಕಂಪನಿಯ ಕೆಲಸ ಏನು ಅಂದರೆ, ಮುಂಬೈಯ ಪಶ್ಚಿಮದ ಕೊಲ್ಲಿಯಲ್ಲಿ ಸಮುದ್ರಕ್ಕೆ ಮಣ್ಣು ಸುರಿದು ಜಾಗ ಮಾಡಿ ಮಾರುವುದು. ಮಾರಬೇಕಾದ ಜಾಗ ಇನ್ನೂ ನೀರಿನೊಳಗೆ ಇತ್ತು. ಒಂದು ರೂಪಾಯಿ ಗಳಿಕೆಯೂ ಬಂದಿರಲಿಲ್ಲ. ಆದರೂ ಶೇರು ಏರುತ್ತಿತ್ತು, ಯಾಕೆಂದರೆ ನಿನ್ನೆ ಏರಿತ್ತು.

ಈ ಆಟದ ನಡುವೆ ಇದ್ದವರು ಪ್ರೇಮಚಂದ್ ರಾಯಚಂದ್, ಹತ್ತಿ ಮತ್ತು ಶೇರಿನ ದೊಡ್ಡ ದಲ್ಲಾಳಿ. ಬ್ಯಾಂಕ್ ಆಫ್ ಬಾಂಬೆಯಲ್ಲಿ ಅವರ ಮಾತು ನಡೆಯುತ್ತಿತ್ತು. ಆ ಬ್ಯಾಂಕು ಶೇರುಗಳನ್ನೇ ಅಡವು ಇಟ್ಟುಕೊಂಡು ಸಾಲ ಕೊಡತೊಡಗಿತು. ಆ ಸಾಲದಿಂದ ಜನ ಇನ್ನಷ್ಟು ಶೇರು ಕೊಂಡರು, ಶೇರಿನ ಬೆಲೆ ಇನ್ನಷ್ಟು ಏರಿತು, ಏರಿದ ಬೆಲೆಯ ಮೇಲೆ ಬ್ಯಾಂಕು ಇನ್ನಷ್ಟು ಸಾಲ ಕೊಟ್ಟಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ರಾಮನ ಸಾಲಕ್ಕೆ ಭೀಮ ಜಾಮೀನು, ಭೀಮನ ಸಾಲಕ್ಕೆ ರಾಮ ಜಾಮೀನು, ಇಬ್ಬರ ಮನೆಯಲ್ಲೂ ಕಾಳಿಲ್ಲ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದರು. ಯುದ್ಧ ಮುಗಿಯುತ್ತ ಬಂತು ಅನ್ನುವ ಸುದ್ದಿ ತಲುಪಿದ್ದೇ ತಡ, ಹತ್ತಿಯ ರೇಟು ಕುಸಿಯಿತು. ಮುಂದಿನ ದಿನಾಂಕಕ್ಕೆ ಹಣ ಕೊಡುತ್ತೇನೆ ಅಂತ ಮಾಡಿಕೊಂಡ ವ್ಯವಹಾರಗಳಿಗೆಲ್ಲ ಜುಲೈ 1 ವಾಯಿದೆ ಇತ್ತು. ಆ ದಿನ ಕೊಡಲು ಯಾರ ಹತ್ತಿರವೂ ಹಣ ಇರಲಿಲ್ಲ. ಒಂದು ಕಾಲಕ್ಕೆ 2,850 ರೂಪಾಯಿಗೆ ಹೋಗಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರನ್ನು ಕೊನೆಗೆ 87 ರೂಪಾಯಿಗೆ ಮಾರಬೇಕಾಯಿತು. ಬ್ಯಾಂಕು ಮುಚ್ಚಿತು. 1868ರಲ್ಲಿ ಅದೇ ಹೆಸರಿನಲ್ಲಿ ಹೊಸ ಬ್ಯಾಂಕು ಕಟ್ಟಿದರು, ಅದು ಮುಂದೆ ಇಂಪೀರಿಯಲ್ ಬ್ಯಾಂಕಿಗೆ ಸೇರಿ, ನಮ್ಮ ಸ್ಟೇಟ್ ಬ್ಯಾಂಕಿನ ಪೂರ್ವಜರಲ್ಲಿ ಒಂದಾಯಿತು. ಬ್ಯಾಕ್ ಬೇಯ ಸಮುದ್ರ ತುಂಬಿಸುವ ಕೆಲಸ ಮತ್ತೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮುಂದಿನ ಶತಮಾನದಲ್ಲಿ, 1920ರ ದಶಕದಲ್ಲಿ. ಐವತ್ತು ವರ್ಷ ಮೀರಿ ಕಾಯುವ ಶೇರುದಾರ ಎಲ್ಲಿದ್ದಾನೆ?

ಪ್ರೇಮಚಂದ್ ಕೂಡ ಈ ಕುಸಿತದಲ್ಲಿ ಭಾರೀ ಹಣ ಕಳೆದುಕೊಂಡರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಈಗಲೂ ನಿಂತಿರುವ ರಾಜಾಬಾಯಿ ಗಡಿಯಾರ ಗೋಪುರ ಅವರು ಕೊಟ್ಟ ಹಣದ್ದು, ರಾಜಾಬಾಯಿ ಅವರ ತಾಯಿ. ಅವರನ್ನು ಬರೀ ಖಳನಾಯಕ ಮಾಡಿ ಕಥೆ ಮುಗಿಸುವುದು ಸುಲಭ. ಆದರೆ ಶೇರು ಕೊಂಡ ಸಾವಿರಾರು ಜನರಲ್ಲಿ, ಈ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿದವರು ಎಷ್ಟು? ಬ್ಯಾಂಕಿನ ಬಲ ಶೇರಿನಲ್ಲಿ, ಶೇರಿನ ಬಲ ಹತ್ತಿಯಲ್ಲಿ, ಹತ್ತಿಯ ಬಲ ಬೇರೊಂದು ದೇಶದ ಯುದ್ಧದಲ್ಲಿ ಇತ್ತು. ಯುದ್ಧ ಒಂದಲ್ಲ ಒಂದು ದಿನ ನಿಲ್ಲಲೇಬೇಕಿತ್ತು. ಹೊಸಬರು ಯಾವ ಕಂಪನಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಇದು ಯಾರಿಗೆ ಏನು ಮಾರುತ್ತದೆ, ಆ ಗಿರಾಕಿ ಮುಂದಿನ ವರ್ಷವೂ ಬರುತ್ತಾನೆಯೇ? ಒಂದು ಕಂಪನಿ ಏನು ಮಾಡುತ್ತದೆ ಅಂತ ಮನೆಯವರಿಗೆ ಎರಡು ಮಾತಿನಲ್ಲಿ ಹೇಳಲು ಬಾರದಿದ್ದರೆ, ನಮ್ಮ ಅಭಿಪ್ರಾಯದಲ್ಲಿ ಅಲ್ಲಿಗೇ ನಿಲ್ಲಿಸುವುದು ಮೇಲು.

ಆ ಪೆಟ್ಟಿನ ಮೇಲೆ ನಿಧಾನವಾಗಿ ಕಟ್ಟುಪಾಡು ಬಂದವು. 1875ರಲ್ಲಿ ದಲ್ಲಾಳಿಗಳು ಸಂಘ ಕಟ್ಟಿಕೊಂಡರು, ಅದೇ ಇಂದಿನ ಮುಂಬೈ ಶೇರುಪೇಟೆ. 1913ರ ಕಂಪನಿ ಕಾಯ್ದೆ ಸಾರ್ವಜನಿಕ ಕಂಪನಿಗಳ ಲೆಕ್ಕವನ್ನು ಆಡಿಟ್ ಮಾಡಿಸುವುದನ್ನು ಕಡ್ಡಾಯ ಮಾಡಿತು.

ಹತ್ತು ರೂಪಾಯಿಯ ಶೇರು ಅಗ್ಗವೇ?

ಇನ್ನು 1992ಕ್ಕೆ ಬರೋಣ. ಹರ್ಷದ್ ಮೆಹ್ತಾ ಕಥೆ ಸಿನಿಮಾ, ಸೀರಿಯಲ್ ಎಲ್ಲ ಆಗಿ ಹೋಗಿರುವುದರಿಂದ ನಾವು ಉದ್ದ ಮಾಡುವುದಿಲ್ಲ. ಬ್ಯಾಂಕುಗಳ ನಡುವೆ ಓಡಾಡುತ್ತಿದ್ದ ಹಣವನ್ನು ದಾರಿಯಲ್ಲಿ ತಿರುಗಿಸಿ ಶೇರುಪೇಟೆಗೆ ಸುರಿದರು, 1992ರ ಏಪ್ರಿಲ್‌ನಲ್ಲಿ ಪತ್ರಕರ್ತೆ ಸುಚೇತಾ ದಲಾಲ್ ಅದನ್ನು ಬಯಲಿಗೆ ತಂದರು. ನಮ್ಮಂಥವರಿಗೆ ಆ ವರದಿ ಇವತ್ತಿಗೂ ಪಾಠ.

ನಮ್ಮ ವಿಷಯಕ್ಕೆ ಬೇಕಾದದ್ದು ಅದರೊಳಗಿನ ಒಂದು ಶೇರು: ಸಿಮೆಂಟು ಮಾಡುವ ಎಸಿಸಿ. ಸುಮಾರು 200 ರೂಪಾಯಿ ಇದ್ದದ್ದು 9,000ದ ಹತ್ತಿರಕ್ಕೆ ಹೋಯಿತು. ಎಸಿಸಿ ಒಳ್ಳೆಯ ಕಂಪನಿ, ಸುಳ್ಳು ಕಂಪನಿ ಅಲ್ಲ. ಆದರೆ ಅಷ್ಟು ಕಡಿಮೆ ಕಾಲದಲ್ಲಿ ಅದರ ಕಾರ್ಖಾನೆಗಳೇನು ನಲವತ್ತು ಪಟ್ಟು ಆಗಿರಲಿಲ್ಲ, ಸಿಮೆಂಟಿನ ರೇಟೂ ಆಗಿರಲಿಲ್ಲ. ಏರಿಕೆಗೆ ಮೆಹ್ತಾ ಒಂದು ತರ್ಕ ಕೊಟ್ಟರು. ಇಂಥ ಕಂಪನಿಯನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟು ಖರ್ಚಾಗುತ್ತದೋ ಅದರ ಲೆಕ್ಕದಲ್ಲಿ ಶೇರಿಗೆ ಬೆಲೆ ಕಟ್ಟಬೇಕು ಅಂತ. ಕೇಳಲು ಸರಿ ಅನಿಸುತ್ತದೆ. ಆದರೆ ಊರಲ್ಲಿ ಯಾರಾದರೂ ಹಳೆ ಅಕ್ಕಿ ಗಿರಣಿ ಕೊಳ್ಳುವಾಗ, ಇಂಥದ್ದು ಹೊಸದಾಗಿ ಕಟ್ಟಿಸಲು ಎಷ್ಟಾಗುತ್ತದೆ ಅಂತ ಮಾತ್ರ ನೋಡಿ ಹಣ ಎಣಿಸುತ್ತಾರೆಯೇ? ವರ್ಷಕ್ಕೆ ಎಷ್ಟು ಉಳಿಯುತ್ತದೆ ಅಂತ ಕೇಳುತ್ತಾರೆ.

ಆ ಕೇಳುವಿಕೆಗೇ ಪೇಟೆಯವರು ಪಿಇ ಅನ್ನುತ್ತಾರೆ. ಹೆಸರು ದೊಡ್ಡದು, ಲೆಕ್ಕ ಚಿಕ್ಕದು. ಒಂದು ಎಣ್ಣೆ ಗಿರಣಿ ಇದೆ ಅನ್ನಿ. ಎಲ್ಲ ಖರ್ಚು, ಬಡ್ಡಿ, ತೆರಿಗೆ ಕಳೆದು ವರ್ಷಕ್ಕೆ 10 ಲಕ್ಷ ಉಳಿಯುತ್ತದೆ. ಅದರ ಒಡೆತನವನ್ನು 1 ಲಕ್ಷ ಶೇರುಗಳಾಗಿ ಹಂಚಿದ್ದಾರೆ. ಹಾಗಾದರೆ ಒಂದು ಶೇರಿನ ಪಾಲಿಗೆ ವರ್ಷಕ್ಕೆ 10 ರೂಪಾಯಿ ಲಾಭ. ಶೇರು 150 ರೂಪಾಯಿಗೆ ಸಿಕ್ಕರೆ ನೀವು ಲಾಭದ 15 ಪಟ್ಟು ಕೊಡುತ್ತಿದ್ದೀರಿ. 900ಕ್ಕೆ ಕೊಂಡರೆ 90 ಪಟ್ಟು, ಅಂದರೆ ಲಾಭ ಹೀಗೇ ಇದ್ದರೆ ಹಾಕಿದ ದುಡ್ಡು ಹುಟ್ಟಲು 90 ವರ್ಷ. ಲಾಭ ಬೇಗ ಬೇಗ ಬೆಳೆಯುತ್ತದೆ ಅನ್ನುವ ಗಟ್ಟಿ ಕಾರಣ ಇದ್ದರೆ ಹೆಚ್ಚು ಪಟ್ಟು ಕೊಡಬಹುದು. ಕಾರಣ ಏನು ಅಂತ ನೀವೇ ಹೇಳಿಕೊಳ್ಳಬೇಕು, ಗ್ರೂಪಿನ ಅಡ್ಮಿನ್ ಅಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಕಲ್ಲು ಇದೆ. ಹತ್ತು ರೂಪಾಯಿಯ ಶೇರು ಅಗ್ಗ, ಮೂರು ಸಾವಿರದ ಶೇರು ದುಬಾರಿ ಅನ್ನುವ ನಂಬಿಕೆ. ಹತ್ತು ರೂಪಾಯಿಯ ಶೇರಿನ ಪಾಲಿಗೆ ವರ್ಷಕ್ಕೆ ಹತ್ತು ಪೈಸೆ ಲಾಭ ಬಂದರೆ ಅದು ಲಾಭದ 100 ಪಟ್ಟು. ಮೂರು ಸಾವಿರದ ಶೇರಿನ ಪಾಲಿಗೆ 200 ರೂಪಾಯಿ ಬಂದರೆ ಅದು 15 ಪಟ್ಟು. ಯಾವುದು ಅಗ್ಗ? ಜೊತೆಗೆ ಒಂದೇ ವರ್ಷದ ಲಾಭ ನೋಡಿ ಮರುಳಾಗಬಾರದು. ಮಂಡ್ಯ, ಬೆಳಗಾವಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಕ್ಕರೆ ರೇಟು ಏರಿದ ವರ್ಷ ಕಾರ್ಖಾನೆಯ ಲಾಭ ಉಕ್ಕುತ್ತದೆ, ಆ ವರ್ಷ ಪಿಇ ನೋಡಿದರೆ ಶೇರು ಪುಕ್ಕಟೆ ಸಿಕ್ಕ ಹಾಗೆ ಕಾಣುತ್ತದೆ. ಎರಡು ವರ್ಷ ಬಿಟ್ಟು ಬಂದು ನೋಡಿ, ಕಬ್ಬಿನ ಬಾಕಿ ಕೇಳಿ ರೈತರು ಗೇಟಿನ ಮುಂದೆ ಕೂತಿರುತ್ತಾರೆ. ಐದು ವರ್ಷ, ಆದರೆ ಹತ್ತು ವರ್ಷದ ಲಾಭ ಸಾಲಾಗಿ ನೋಡಿದರೆ ಮಾತ್ರ ಕಂಪನಿಯ ಮುಖ ಕಾಣುತ್ತದೆ.

ಯಾರಿಗೂ ಬೇಡವಾದ 95 ರೂಪಾಯಿ

ಅದೇ 1992ರಲ್ಲಿ ಎರಡು ಬದಲಾವಣೆ ಆದವು. ಸೆಬಿಗೆ ಕಾನೂನಿನ ಬಲ ಬಂತು. ಇನ್ನೊಂದು ಕಡೆ, ಕಂಪನಿಗಳು ಜನರಿಂದ ಹಣ ಎತ್ತಲು, ಶೇರಿಗೆ ಬೆಲೆ ಇಡಲು ಸರ್ಕಾರದ ಅಧಿಕಾರಿಯ ಅಪ್ಪಣೆ ಬೇಕಿದ್ದ ಹಳೆ ಪದ್ಧತಿ ಹೋಯಿತು. ಬಾಗಿಲು ತೆರೆದದ್ದೇ ಸಾವಿರಾರು ಕಂಪನಿಗಳು ಒಳಗೆ ನುಗ್ಗಿದವು. ಫೈನಾನ್ಸ್, ಗ್ರಾನೈಟ್, ಸೀಗಡಿ ಸಾಕಣೆ, ಹೂವಿನ ರಫ್ತು... ಆ ವರ್ಷದ ಗಾಳಿ ಯಾವ ಕಡೆಗೋ ಕಂಪನಿಯ ಹೆಸರೂ ಆ ಕಡೆಗೆ. ಅಂಚೆಯಲ್ಲಿ ಬಣ್ಣದ ಅರ್ಜಿ ಫಾರಂ ಬರುತ್ತಿದ್ದ ಕಾಲ ಅದು, ಹಳಬರಿಗೆ ನೆನಪಿರಬಹುದು. ಹಣ ಎತ್ತಿದ ಮೇಲೆ ಎಷ್ಟೋ ಕಂಪನಿಗಳು ವಿಳಾಸವನ್ನೇ ಬಿಟ್ಟು ಹೋದವು. ಕೇಂದ್ರ ಸರ್ಕಾರವೇ ಕೊನೆಗೆ ಕಣ್ಮರೆಯಾದ ಕಂಪನಿಗಳು ಅಂತ ಒಂದು ಪಟ್ಟಿ ಮಾಡಿತು, ಅದರಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರು.

ಆ ನೂಕುನುಗ್ಗಲಿನ ನಡುವೆ, 1993ರ ಫೆಬ್ರವರಿಯಲ್ಲಿ, ಬೆಂಗಳೂರಿನ ಒಂದು ಕಂಪನಿ ಶೇರಿಗೆ 95 ರೂಪಾಯಿಯಂತೆ ಜನರ ಮುಂದೆ ಬಂತು. ಇನ್ಫೋಸಿಸ್. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಪುಣೆಯಲ್ಲಿ ಶುರುವಾಗಿ, 1983ರಲ್ಲಿ ಬೆಂಗಳೂರಿಗೆ ಬಂದ ಕಂಪನಿ. ಅದರ ಶೇರಿಗೆ ಸಾಕಷ್ಟು ಜನ ಅರ್ಜಿಯನ್ನೇ ಹಾಕಲಿಲ್ಲ! ಉಳಿದದ್ದರಲ್ಲಿ ದೊಡ್ಡ ಪಾಲನ್ನು, ಕಂಪನಿಯ 13 ಪ್ರತಿಶತದಷ್ಟನ್ನು, ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಅದೇ ಬೆಲೆಗೆ ತಗೊಂಡಿತು. ಜೂನ್‌ನಲ್ಲಿ ಪೇಟೆಗೆ ಬಂದಾಗ ಮೊದಲ ದಿನದ ಬೆಲೆ 145. ಮುಂದಿನದು ಗೊತ್ತೇ ಇದೆ.

ಜನ ದಡ್ಡರಾಗಿದ್ದರು ಅನ್ನುವುದು ನ್ಯಾಯ ಅಲ್ಲ. ಮುಟ್ಟಿ ನೋಡಲು ಹೊಗೆ ಕೊಳವೆ ಇಲ್ಲ, ಗೋದಾಮು ಇಲ್ಲ, ಮಾರುವ ಮಾಲು ಕಣ್ಣಿಗೆ ಕಾಣುವುದಿಲ್ಲ, ಗಿರಾಕಿಗಳೆಲ್ಲ ಸಮುದ್ರದಾಚೆ. ಆದರೆ ಲೆಕ್ಕದ ಪುಸ್ತಕ ಇತ್ತು. ಸಾಫ್ಟ್‌ವೇರ್ ಅಂದರೇನು ಅಂತ ತಿಳಿಯದವರಿಗೂ ಅದರಲ್ಲಿ ಓದಲು ಬರುವಂಥದ್ದು ಇತ್ತು. ಯಾರಿಗೆ ಮಾರುತ್ತೇವೆ, ಎಷ್ಟು ಬಂತು, ಎಷ್ಟು ಉಳಿಯಿತು ಅನ್ನುವುದನ್ನು ಬಿಡಿಸಿ ಹೇಳುವುದಕ್ಕೆ ಆ ಕಂಪನಿ ಮುಂದೆ ಹೆಸರು ಮಾಡಿತು. ಅದೇ ಹೊತ್ತಿಗೆ ಬಣ್ಣದ ಫಾರಂ ಕಳಿಸಿದ ಕಂಪನಿಗಳ ಹತ್ತಿರ ಹಿಂದಿನ ವರ್ಷಗಳ ಲೆಕ್ಕವೇ ಇರಲಿಲ್ಲ. ಇದ್ದದ್ದು ಮುಂದೆ ಇಷ್ಟು ಲಾಭ ಬರುತ್ತದೆ ಅನ್ನುವ ಅಂದಾಜು ಮಾತ್ರ.

ಒಂದು ಎಚ್ಚರಿಕೆ ಮಾತು ಇಲ್ಲೇ ಹೇಳಿಬಿಡುತ್ತೇವೆ. ಆಗ ಇನ್ಫೋಸಿಸ್ ತಗೊಂಡಿದ್ದರೆ ಇವತ್ತು ಕೋಟಿ ಅನ್ನುವ ವಿಡಿಯೋಗಳು ಬೇಕಾದಷ್ಟು ಓಡಾಡುತ್ತವೆ. ಆಗ ಕಣ್ಮರೆಯಾದವುಗಳನ್ನು ತಗೊಂಡಿದ್ದರೆ ಅಂತ ಯಾರೂ ವಿಡಿಯೋ ಮಾಡುವುದಿಲ್ಲ. ಗೆದ್ದವರ ಪಟ್ಟಿಯನ್ನು ಮಾತ್ರ ಓದುತ್ತ ಹೋದರೆ ಶೇರುಪೇಟೆ ತೆಂಗಿನ ತೋಟದಂತೆ ಕಾಣುತ್ತದೆ, ನೆಟ್ಟರೆ ಸಾಕು ಅಂತ.

ಸತ್ಯಂ: ಮೂರು ವಾರದ ಕಥೆ

ಇಷ್ಟು ಹೊತ್ತು ಹೇಳಿದ್ದು ಲೆಕ್ಕ ಓದುವ ಮಾತು. ಲೆಕ್ಕವೇ ಸುಳ್ಳಾದರೆ?

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ 1987ರಲ್ಲಿ ಶುರುವಾಗಿ ದೇಶದ ನಾಲ್ಕನೇ ದೊಡ್ಡ ಸಾಫ್ಟ್‌ವೇರ್ ಕಂಪನಿ ಆಗಿ ಬೆಳೆದಿತ್ತು. ನಮ್ಮ ಜಿಲ್ಲೆಗಳ ಎಂಜಿನಿಯರಿಂಗ್ ಹುಡುಗರಿಗೂ ಅಲ್ಲಿ ಕೆಲಸ ಸಿಗುವುದು ಅಂದರೆ ಮನೆಯವರಿಗೆ ಹಬ್ಬ. 2008ರ ಸೆಪ್ಟೆಂಬರಿನಲ್ಲಿ ಅದಕ್ಕೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂತು. ಆಡಿಟ್ ಮಾಡುತ್ತಿದ್ದವರು ಪ್ರೈಸ್ ವಾಟರ್‌ಹೌಸ್, ಜಗತ್ತಿನ ದೊಡ್ಡ ಹೆಸರು.

2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ನಿರ್ದೇಶಕರಿಗೆ ಒಂದು ಪತ್ರ ಬರೆದರು. ಬ್ಯಾಂಕಿನಲ್ಲಿ 5,361 ಕೋಟಿ ಇದೆ ಅಂತ ತೋರಿಸಿದ್ದೇವೆ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ ಆ ಪತ್ರದಲ್ಲಿತ್ತು. ಇಲ್ಲದ ಹಣಕ್ಕೆ 376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು. 1,230 ಕೋಟಿಯ ಬಾಕಿಯನ್ನು ಪುಸ್ತಕದಲ್ಲಿ ತೋರಿಸಿರಲಿಲ್ಲ. ಹಿಂದಿನ ಸೆಪ್ಟೆಂಬರ್‌ಗೆ ಮುಗಿದ ಮೂರು ತಿಂಗಳಲ್ಲಿ 2,700 ಕೋಟಿ ವ್ಯಾಪಾರಕ್ಕೆ 649 ಕೋಟಿ ಉಳಿದಿದೆ ಅಂದಿದ್ದರು, ನಿಜವಾಗಿ 2,112 ಕೋಟಿಗೆ ಉಳಿದದ್ದು 61 ಕೋಟಿ. ಹುಲಿಯ ಬೆನ್ನೇರಿದ ಹಾಗೆ ಆಗಿತ್ತು, ಇಳಿದರೆ ತಿನ್ನುತ್ತದೆ ಅನ್ನುವ ಅರ್ಥದ ಮಾತನ್ನೂ ಅವರೇ ಬರೆದರು. ಅವತ್ತು ಒಂದೇ ದಿನ ಶೇರು 179ರಿಂದ 40 ರೂಪಾಯಿಗೆ ಬಿತ್ತು.

ಆಡಿಟರ್‌ಗೇ ಕಾಣದ್ದು ನಮಗೆ ಕಾಣುತ್ತಿತ್ತೇ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬ್ಯಾಂಕಿನ ನಕಲಿ ರಸೀದಿಯನ್ನು ಊರಲ್ಲಿ ಕೂತು ಹಿಡಿಯಲು ಯಾರಿಗೂ ಆಗುವುದಿಲ್ಲ. ಆದರೆ ಎತ್ತಿನ ಜಾತ್ರೆಯ ಕೊನೆಯ ಪ್ರಶ್ನೆ ಇತ್ತಲ್ಲ, ಇವನು ಯಾಕೆ ಮಾರುತ್ತಿದ್ದಾನೆ ಅಂತ? ಅದು ಇಲ್ಲಿ ಉಪಯೋಗಕ್ಕೆ ಬರುತ್ತಿತ್ತು. ಇಷ್ಟೊಂದು ಲಾಭ ತೋರಿಸುತ್ತಿದ್ದ ಕಂಪನಿಯಲ್ಲಿ ಮಾಲೀಕ ಕುಟುಂಬದ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತ, ಕೊನೆಗೆ 8 ಪ್ರತಿಶತದ ಆಸುಪಾಸಿಗೆ ಬಂದಿತ್ತು. ಇದು ಗುಟ್ಟಿನ ಮಾಹಿತಿ ಅಲ್ಲ, ಕಂಪನಿಯೇ ಪೇಟೆಗೆ ಕೊಡುತ್ತಿದ್ದ ಲೆಕ್ಕ. ತೋಟ ಅಷ್ಟು ಫಲ ಕೊಡುತ್ತಿದ್ದರೆ ಒಡೆಯ ಗುಂಟೆ ಗುಂಟೆಯಾಗಿ ಯಾಕೆ ಮಾರುತ್ತಾನೆ?

ಆಮೇಲೆ ಬಂತು 2008ರ ಡಿಸೆಂಬರ್ 16. ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳುತ್ತೇವೆ ಅಂತ ಸತ್ಯಂ ಸಾರಿತು. ಸಾಫ್ಟ್‌ವೇರ್ ಕಂಪನಿಗೆ ಕಟ್ಟಡ, ರಸ್ತೆ, ಸೈಟಿನ ವ್ಯವಹಾರ ಯಾಕೆ? ಮೇಟಾಸ್ ಯಾರದು? ರಾಜು ಕುಟುಂಬದ್ದೇ. ಸತ್ಯಂ ಅನ್ನುವುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದು ಮುಂದಾಗಿ ಓದಿದರೆ ಮೇಟಾಸ್ ಆಗುತ್ತದೆ, ಅಷ್ಟು ಬಹಿರಂಗ. ಶೇರುದಾರರು ಎದ್ದು ಕೂಗಿದ್ದಕ್ಕೆ ಕೆಲವೇ ಗಂಟೆಗಳಲ್ಲಿ ಯೋಜನೆ ಕೈಬಿಟ್ಟರು. ಇಲ್ಲದ ನಗದಿನ ಜಾಗದಲ್ಲಿ ನಿಜವಾದ ಆಸ್ತಿ ತಂದು ಕೂರಿಸುವ ಕೊನೆಯ ಪ್ರಯತ್ನ ಅದಾಗಿತ್ತು ಅಂತ ಆಮೇಲೆ ಪತ್ರದಲ್ಲಿ ಅವರೇ ಒಪ್ಪಿಕೊಂಡರು. ಅದೇ ತಿಂಗಳು ವಿಶ್ವಬ್ಯಾಂಕು ತನ್ನ ಕೆಲಸಗಳಿಂದ ಸತ್ಯಂ ಅನ್ನು ಎಂಟು ವರ್ಷ ಹೊರಗಿಟ್ಟದ್ದು ಗೊತ್ತಾಯಿತು. ಹೊರಗಿನ ನಿರ್ದೇಶಕರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟರು. ಕುಟುಂಬದ ಶೇರುಗಳೆಲ್ಲ ಸಾಲಕ್ಕೆ ಅಡವು ಬಿದ್ದಿವೆ ಅನ್ನುವುದೂ ಹೊರಬಿತ್ತು.

ಡಿಸೆಂಬರ್ 16ರಿಂದ ಜನವರಿ 6ರವರೆಗೆ ಮೂರು ವಾರ. ಈ ಎಲ್ಲ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು, ಮುಖಪುಟದಲ್ಲೇ. ಜನವರಿ 6ರಂದು ಕೂಡ ಶೇರು 179ಕ್ಕೆ ಬಿಕರಿ ಆಗುತ್ತಿತ್ತು. ಬಿದ್ದಿದೆಯಲ್ಲ, ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರೂ ಇದ್ದರು. ಸತ್ಯಂ ಕಥೆಯಲ್ಲಿ ನಮ್ಮನ್ನು ಕಾಡುವುದು ಆ 5,040 ಕೋಟಿಗಿಂತ ಹೆಚ್ಚಾಗಿ ಈ ಮೂರು ವಾರ.

ಲೆಕ್ಕದ ಒಳಗೂ ಒಂದು ಪರೀಕ್ಷೆ ಇದೆ. ಕಿರಾಣಿ ಅಂಗಡಿ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತು. ಉದ್ರಿ ಪುಸ್ತಕದಲ್ಲಿ ಲಾಭ ಬೇಕಾದಷ್ಟು, ಗಲ್ಲಾಪೆಟ್ಟಿಗೆ ತೆರೆದರೆ ಚಿಲ್ಲರೆ. ಕಂಪನಿಗಳ ವರದಿಯಲ್ಲಿ ಲಾಭದ ಲೆಕ್ಕ ಬೇರೆ, ನಗದು ಹರಿವಿನ ಲೆಕ್ಕ ಬೇರೆ ಇರುತ್ತದೆ. ಲಾಭ ವರ್ಷ ವರ್ಷ ಏರುತ್ತಿದ್ದು, ವ್ಯಾಪಾರದಿಂದ ಬಂದ ನಗದು ಏರದೆ ಇದ್ದರೆ, ಮಾಲು ಉದ್ರಿಯಲ್ಲಿ ಹೋಗುತ್ತಿದೆ ಅಥವಾ ಬಿಲ್ಲೇ ಸುಳ್ಳು. ಸತ್ಯಂ ನಗದನ್ನೇ ನಕಲಿ ಮಾಡಿತ್ತು, ಹಾಗಾಗಿ ಅಲ್ಲಿ ಈ ಪರೀಕ್ಷೆಯೊಂದೇ ಸಾಲುತ್ತಿರಲಿಲ್ಲ. ಆದರೆ ಅಷ್ಟು ದೂರ ಹೋಗುವ ಧೈರ್ಯ ಎಲ್ಲ ಕಳ್ಳರಿಗೂ ಇರುವುದಿಲ್ಲ.

2009ರ ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರಾ ಶೇರಿಗೆ 58 ರೂಪಾಯಿಯಂತೆ ಸತ್ಯಂ ಅನ್ನು ಕೊಂಡಿತು, ಕೆಲಸಗಾರರು ಉಳಿದುಕೊಂಡರು. 2015ರಲ್ಲಿ ನ್ಯಾಯಾಲಯ ರಾಜು ಅವರಿಗೆ ಏಳು ವರ್ಷ ಶಿಕ್ಷೆ ವಿಧಿಸಿತು. ಮಾಲೀಕರು ಶೇರು ಅಡವು ಇಟ್ಟಿದ್ದರೆ ಅದನ್ನು ಬಹಿರಂಗ ಮಾಡಲೇಬೇಕು ಅನ್ನುವ ನಿಯಮವನ್ನು ಸೆಬಿ ತಂದದ್ದು 2009ರ ಅದೇ ಜನವರಿಯಲ್ಲಿ.

ಪೋಸ್ಟರ್ ನೋಡಿದವರು, ಸಾಲ ನೋಡದವರು

ನಮ್ಮದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆಯಲ್ಲಿ ಗುಟ್ಟು ಅನ್ನುವುದೇ ಕಡಿಮೆ. 2005ರಲ್ಲಿ ಹಾರಾಟ ಶುರು ಮಾಡಿತು, 2012ರ ಅಕ್ಟೋಬರಿನಲ್ಲಿ ನಿಂತಿತು. ನಡುವಿನ ಒಂದು ವರ್ಷವೂ ಲಾಭ ಬರಲಿಲ್ಲ. ಸಾಲ ಮಾತ್ರ ಸಾವಿರಾರು ಕೋಟಿಗೆ ಬೆಳೆಯಿತು. ಇದೆಲ್ಲ ಪ್ರತಿ ವರ್ಷ ಅಚ್ಚಾಗುತ್ತಿದ್ದ ಲೆಕ್ಕದಲ್ಲೇ ಇತ್ತು. ಜನ ನೋಡಿದ್ದು ಕ್ಯಾಲೆಂಡರು, ಕೆಂಪು ವಿಮಾನ, ಕ್ರಿಕೆಟ್ ತಂಡ.

ದೊಡ್ಡವರು ಕೊಂಡಿದ್ದಾರೆ, ನಾವೂ ಕೊಳ್ಳಬಹುದು ಅನ್ನುವವರು ಇದನ್ನೊಂದು ಕೇಳಬೇಕು. 2011ರಲ್ಲಿ ಬ್ಯಾಂಕುಗಳು ತಾವು ಕೊಟ್ಟ ಸಾಲದ ಒಂದು ಭಾಗವನ್ನು ಶೇರಾಗಿ ಬದಲಿಸಿಕೊಂಡವು. ಪೇಟೆಯಲ್ಲಿ ಆ ಶೇರು 40 ರೂಪಾಯಿಯ ಆಸುಪಾಸು ಸಿಗುತ್ತಿದ್ದಾಗ ಬ್ಯಾಂಕುಗಳು ಲೆಕ್ಕ ಹಾಕಿದ್ದು 64 ರೂಪಾಯಿಯಂತೆ! ನಮ್ಮೂರ ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಪಹಣಿ, ಜಾಮೀನು, ಫೋಟೋ ಅಂತ ನಾಲ್ಕು ಸಲ ಅಲೆದವರಿಗೆ ಇದನ್ನು ಓದಿ ಏನನ್ನಿಸುತ್ತದೋ.

ಸಾಲ ಇರುವುದೇ ತಪ್ಪಲ್ಲ. ಟ್ರ್ಯಾಕ್ಟರ್ ಸಾಲ ತೆಗೆದು ದುಡಿದು ತೀರಿಸಿದವರು ಪ್ರತಿ ಊರಲ್ಲೂ ಇದ್ದಾರೆ. ನೋಡಬೇಕಾದದ್ದು, ವರ್ಷದ ಗಳಿಕೆಯಲ್ಲಿ ಬಡ್ಡಿಗೆ ಎಷ್ಟು ಹೋಗುತ್ತದೆ ಅನ್ನುವುದು. ಬಡ್ಡಿ ಕಟ್ಟಲು ಮತ್ತೆ ಸಾಲ ತರುವ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಈಗ ಎಲ್ಲಿ ನೋಡುವುದು

ಇಷ್ಟು ಹೇಳಿ ಎಲ್ಲಿ ಸಿಗುತ್ತದೆ ಅಂತ ಹೇಳದೆ ಬಿಟ್ಟರೆ ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಬಿಎಸ್‌ಇ, ಎನ್‌ಎಸ್‌ಇ ಎರಡೂ ಶೇರುಪೇಟೆಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಅದರದೇ ಪುಟ ತೆರೆಯುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆ ಬೇಕಿಲ್ಲ. ಹೆಚ್ಚಿನದೆಲ್ಲ ಇಂಗ್ಲಿಷಿನಲ್ಲಿದೆ ಅನ್ನುವುದು ನಿಜವಾದ ತೊಡಕು, ಮತ್ತು ಇದು ನಮ್ಮ ದೂರು ಕೂಡ. ಕನ್ನಡದಲ್ಲಿ ಜಾಹೀರಾತು ಕೊಟ್ಟು ಹಣ ಕೇಳುವವರು ಲೆಕ್ಕವನ್ನೂ ಕನ್ನಡದಲ್ಲಿ ಕೊಡಬೇಕು. ಅಲ್ಲಿಯವರೆಗೆ ಮನೆಯಲ್ಲಿ ಓದಿದ ಮಗಳನ್ನೋ ತಂಗಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಅಂಕಿಗಳಿಗೆ ಭಾಷೆ ಇಲ್ಲ.

ವಾರ್ಷಿಕ ವರದಿ ಇನ್ನೂರು ಪುಟ ಇರುತ್ತದೆ ಅಂತ ಹೆದರಬೇಡಿ. ಮುಂದಿನ ಬಣ್ಣದ ಪುಟ, ಅಧ್ಯಕ್ಷರ ನಗುಮುಖ ದಾಟಿ ಆಡಿಟರ್ ವರದಿಗೆ ಹೋಗಿ. ಅವರು ಯಾವುದಾದರೂ ವಿಷಯದಲ್ಲಿ ತಕರಾರು ಎತ್ತಿದ್ದರೆ, ಅಥವಾ ಅವಧಿಗೆ ಮುಂಚೆ ಆಡಿಟರ್ ಬಿಟ್ಟು ಹೋಗಿದ್ದರೆ, ಅಲ್ಲಿ ಕೆಂಪು ಗುರುತು ಹಾಕಿಕೊಳ್ಳಿ. ಮಾಲೀಕರ ನೆಂಟರ ಕಂಪನಿಗಳ ಜೊತೆ ಎಷ್ಟು ಹಣದ ವ್ಯವಹಾರ ನಡೆದಿದೆ ಅನ್ನುವ ಪಟ್ಟಿಯೂ ಅದರಲ್ಲೇ ಇರುತ್ತದೆ. ಮೇಟಾಸ್ ನೆನಪಿದೆಯಲ್ಲ?

ಶೇರು ಅಂತ ಹೇಳಿಕೊಂಡು ಫೋನಿನಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತಿದೆ, ಎಫ್ ಅಂಡ್ ಓ ಅಂತ. ಅಲ್ಲಿ ಮೇಲೆ ಹೇಳಿದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಕೊಳ್ಳುವುದು ಕಂಪನಿಯನ್ನಲ್ಲ, 1865ರ ಜುಲೈ 1ರಂಥ ಒಂದು ವಾಯಿದೆಯನ್ನು. 2021ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ಕೈ ಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಅಂತ ಸೆಬಿಯೇ ಲೆಕ್ಕ ಹಾಕಿ ಹೇಳಿದೆ.

ಕೊನೆಯದಾಗಿ, ಸತ್ಯಂ ನಂತರ ಬಂದ ಆ ಕಾಲಂ. ಕಂಪನಿಯ ಪುಟದಲ್ಲಿ ಶೇರ್‌ಹೋಲ್ಡಿಂಗ್ ಪ್ಯಾಟರ್ನ್ ಅಂತ ಒಂದು ಕೊಂಡಿ ಇರುತ್ತದೆ. ಮೂರು ತಿಂಗಳಿಗೊಮ್ಮೆ, ಆ ಮೂರು ತಿಂಗಳು ಮುಗಿದ 21 ದಿನದೊಳಗೆ ಕಂಪನಿ ಅದನ್ನು ಕೊಡಲೇಬೇಕು. ಮಾರ್ಚ್‌ವರೆಗಿನದು ಏಪ್ರಿಲ್ 21ರೊಳಗೆ, ಜೂನ್‌ವರೆಗಿನದು ಜುಲೈ 21ರೊಳಗೆ. ಅದರಲ್ಲಿ ಪ್ರವರ್ತಕರು, ಅಂದರೆ ಮಾಲೀಕರು, ಎಷ್ಟು ಪಾಲು ಇಟ್ಟುಕೊಂಡಿದ್ದಾರೆ, ಅದರಲ್ಲಿ ಎಷ್ಟು ಅಡವು ಇದೆ ಅನ್ನುವುದು ಪಕ್ಕಪಕ್ಕದಲ್ಲಿ ಇರುತ್ತದೆ. ನಿಮ್ಮ ಹತ್ತಿರ ಈಗಾಗಲೇ ಯಾವುದಾದರೂ ಶೇರು ಇದ್ದರೆ ಅದರ ಹೆಸರು ಹಾಕಿ, ಕೊನೆಯ ನಾಲ್ಕು ಸಲದ ಲೆಕ್ಕ ತೆರೆದು, ಆ ಎರಡು ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳಿ. ಪಾಲು ಇಳಿಯುತ್ತ, ಅಡವು ಏರುತ್ತ ಬಂದಿದ್ದರೆ ನಮಗೆ ಬರೆದು ತಿಳಿಸಿ, ಆ ಕಂಪನಿಯ ಲೆಕ್ಕವನ್ನು ಎಲ್ಲರೂ ಸೇರಿ ಬಿಡಿಸಿ ಓದೋಣ.